ಉತ್ತರ ಎಲ್ಮ್ ಬೀದಿಯ ಲೊರೇನಾಗೆ ಬಂದ ಸೇವಂತಿಗೆ

ನಮ್ಮ ಯಾನೋವ್ ಊರಿನಲ್ಲಿ ಇಬ್ಬರು ಲೊರೇನಾಗಳಿದ್ದಾರೆ ಎಂಬುದು ರಾಯ್ಸ್ ಬಾರ್ಟೆಕ್‌ಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಲೇಬೇಕು. ಊರಿನ ಜನಸಂಖ್ಯೆ ಎರಡು ಸಾವಿರದ ಚಿಲ್ಲರೆ. ಎಲ್ಲ ಮನೆಗಳಿಗೂ ಅವನು ಒಮ್ಮೆಯಾದರೂ ಹೂ ಮುಟ್ಟಿಸಿದ್ದಾನೆ. ಹುಟ್ಟಿದ ಮನೆ, ಸತ್ತ ಮನೆ, ಗಂಡ ಹೆಂಡತಿ ಜಗಳವಾಡಿದ ಮನೆ, ಎಲ್ಲವೂ ಅವನಿಗೆ ಗೊತ್ತು. ಆದರೆ ಲೊರೇನಾ ಎಂಬ ಹೆಸರು ಕಂಡರೆ ಅವನು ಮುಂದಕ್ಕೆ ಓದುವುದಿಲ್ಲ. ಅಲ್ಲಿಗೇ ಅವನ ಪ್ರಪಂಚ ನಿಂತುಬಿಡುತ್ತದೆ. ನಾನು ಮೂವತ್ತೊಂದು ವರ್ಷ ಈ ಊರಿನಲ್ಲಿ ಅಂಚೆ ಹಂಚಿದವನು. ವಿಳಾಸವನ್ನು ಕೊನೆಯ ಅಕ್ಷರದವರೆಗೆ ಓದದವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ರಾಯ್ಸ್‌ನ ಮೇಲೆ ಮಾತ್ರ ಯಾಕೋ ಸಿಟ್ಟು ಬರುವುದಿಲ್ಲ.

ರಾಯ್ಸ್‌ಗೆ ಅರವತ್ತೊಂದು ವರ್ಷ, ಮದುವೆಯಿಲ್ಲ. ಉದ್ದನೆಯ ಆಳು. ತಲೆಯ ಮೇಲೆ ಹುಲ್ಲಿನ ಟೋಪಿ, ಟೋಪಿಯ ಕೆಳಗೆ ಸದಾ ಏನನ್ನೋ ಮರೆತುಬಂದವನ ಮುಖ. ಮೊದಲು ಊರಿನ ನೀರಿನ ಮೀಟರು ಓದುವ ಕೆಲಸದಲ್ಲಿದ್ದ. ಒಂದು ಸಲ, ಭಕ್ತರನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುವ ಬಾಪ್ಟಿಸ್ಟ್ ಚರ್ಚಿನ ಮೀಟರನ್ನು ಪಕ್ಕದ ಒಂಟಿ ಮುದುಕಿಯ ಹೆಸರಿಗೆ ಬರೆದುಕೊಂಡು ಬಂದದ್ದರಿಂದ, ಆಕೆ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೆಂದು ಊರೆಲ್ಲ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಆಮೇಲೆ ಅವನ ಅಕ್ಕ ಅಡೆಲ್ ತನ್ನ ಹೂವಿನಂಗಡಿಯ ವ್ಯಾನಿನ ಕೀಲಿಯನ್ನು ಅವನ ಕೈಗಿಟ್ಟಳು. 'ಹೂವು ತಪ್ಪು ಮನೆಗೆ ಹೋದ್ರೂ ಯಾರೂ ಬೇಡ ಅನ್ನಲ್ಲ' ಎಂಬುದು ಅವಳ ಲೆಕ್ಕಾಚಾರ. ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ ಅವನು 'ಗಂಡು ಮಗು ಹುಟ್ಟಿತು' ಎಂದು ಬರೆದ ನೀಲಿ ಬಲೂನುಗಳನ್ನು ಕ್ಯಾಥೊಲಿಕ್ ಫಾದರ್ ಮನೆಯ ಬಾಗಿಲಿಗೆ ಕಟ್ಟಿ ಬಂದ. ಆ ಭಾನುವಾರ ಫಾದರ್ ಪ್ರವಚನಕ್ಕೆ ಮುಂಚೆ ಹತ್ತು ನಿಮಿಷ ವಿವರಣೆ ಕೊಡಬೇಕಾಯಿತು.

ಇನ್ನು ಲೊರೇನಾ ಪಾವ್ಲಿಕ್. ಉತ್ತರ ಎಲ್ಮ್ ಬೀದಿ, ಇನ್ನೂರ ಹದಿನಾಲ್ಕನೇ ನಂಬರು. ನನ್ನ ಮನೆಯ ಎದುರು ಮನೆ. ಶಾಲೆಯಲ್ಲಿ ರಾಯ್ಸ್‌ನ ಸಹಪಾಠಿ, ಎಪ್ಪತ್ತೊಂಬತ್ತರ ಬ್ಯಾಚು. ಅದೇ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು. ಗಂಡ ಆಲ್ಬಿನ್ ತೀರಿಕೊಂಡು ಆರು ವರ್ಷ. ರಾಯ್ಸ್‌ನ ವ್ಯಾನು ಎಲ್ಲಿಗೆ ಹೋಗುವುದಿದ್ದರೂ ಉತ್ತರ ಎಲ್ಮ್ ಬೀದಿಯಿಂದಲೇ ಹೋಗುತ್ತಿತ್ತು. ಆಸ್ಪತ್ರೆ ಇರುವುದು ದಕ್ಷಿಣಕ್ಕೆ, ಆದರೂ ಉತ್ತರ ಎಲ್ಮ್. ಸ್ಮಶಾನ ಪೂರ್ವಕ್ಕೆ, ಆದರೂ ಉತ್ತರ ಎಲ್ಮ್. ಲೊರೇನಾ ವರಾಂಡದಲ್ಲಿದ್ದರೆ ಅವನು ಎರಡು ಬೆರಳಿನಿಂದ ಟೋಪಿ ಮುಟ್ಟುತ್ತಿದ್ದ. ಅವಳು ಕೈ ಎತ್ತುತ್ತಿದ್ದಳು. ಅಷ್ಟೇ. ಆರು ವರ್ಷದಲ್ಲಿ ನಾನು ಕಂಡದ್ದು ಇಷ್ಟೇ.

ಅಕ್ಟೋಬರಿನ ಹೋಮ್‌ಕಮಿಂಗ್ ವಾರ ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ವಾರ. ಶುಕ್ರವಾರ ಮಧ್ಯಾಹ್ನ ಮೆರವಣಿಗೆ, ಸಂಜೆ ಫುಟ್‌ಬಾಲು. ಹುಡುಗರು ತಮಗೆ ಬೇಕಾದ ಹುಡುಗಿಗೆ ಸೇವಂತಿಗೆ ಕಳಿಸಬೇಕು. ಸೇವಂತಿಗೆ ಅಂದರೆ ಮುಡಿಯುವ ಹೂವಲ್ಲ. ಊಟದ ತಟ್ಟೆಯಷ್ಟು ದೊಡ್ಡ ರೇಷ್ಮೆ ಹೂವು, ಅದರಿಂದ ಮೊಣಕಾಲಿನವರೆಗೆ ಇಳಿಬಿದ್ದ ರಿಬ್ಬನ್ನುಗಳು, ರಿಬ್ಬನ್ನಿಗೆ ಗೆಜ್ಜೆಗಳು, ನಡುವೆ ಒಂದು ಪುಟ್ಟ ಕರಡಿ ಬೊಂಬೆ. ಎದೆಯ ಮೇಲೆ ಪಿನ್ನು ಹಾಕಿಕೊಂಡರೆ ಹುಡುಗಿ ಮುಂದಕ್ಕೆ ಬಾಗುತ್ತಾಳೆ. ಆ ವಾರ ಶಾಲೆಯಲ್ಲಿ ಪಾಠ ಮಾಡುವುದು ಎತ್ತಿನ ಗಾಡಿಗಳ ನಡುವೆ ಪಾಠ ಮಾಡಿದ ಹಾಗೆ. ಅಡೆಲ್ ವರ್ಷವಿಡೀ ಅಂಗಡಿ ತೆರೆದಿಡುವುದೇ ಆ ವಾರದ ಧೈರ್ಯದ ಮೇಲೆ.

ಮಂಗಳವಾರ ಬೆಳಿಗ್ಗೆ ನಾನು ನನ್ನ ಗೇಟಿನ ಅಂಚೆಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದೆ. ರಾಯ್ಸ್‌ನ ವ್ಯಾನು ಬಂತು. ಎಂದಿನಂತೆ ಮುಂದೆ ಹೋಗಲಿಲ್ಲ. ನಿಂತಿತು. ರಾಯ್ಸ್ ಇಳಿದ. ಕೈಯಲ್ಲಿ ಉದ್ದನೆಯ ಬಿಳಿ ಡಬ್ಬ. ಡಬ್ಬವನ್ನು ಮಲಗಿದ ಮಗುವಿನ ಹಾಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ನನ್ನ ಬ್ರಷ್ಷು ಅಲ್ಲೇ ನಿಂತಿತು.

ಲೊರೇನಾ ಬಾಗಿಲು ತೆರೆದಳು. ಕೊಲಾಚೆ ಬನ್ನಿಗೆ ಹಿಟ್ಟು ನಾದುತ್ತಿದ್ದಳೆಂದು ಕಾಣುತ್ತದೆ, ಎರಡೂ ಕೈ ಮೊಣಕೈವರೆಗೆ ಬೆಳ್ಳಗಿತ್ತು.

"ಏನೋ ರಾಯ್ಸ್, ಯಾರು ಸತ್ರು?"

"ಯಾರೂ ಇಲ್ಲ. ನಿನಗೆ ಬಂದಿದೆ."

"ನನಗಾ?"

"ಲೊರೇನಾ ಅಂತ ಇದೆ. ಇನ್ನೂರ ಹದಿನಾಲ್ಕು, ಎಲ್ಮ್ ಬೀದಿ."

ಅವನು ಡಬ್ಬದ ಮುಚ್ಚಳ ತೆಗೆದ. ಗಾಳಿಗೆ ಗೆಜ್ಜೆಗಳು ಅಲುಗಿದವು.

"ಚೀಟಿ ಇದೆ" ಅಂದ ರಾಯ್ಸ್.

"ನನ್ನ ಕೈ ನೋಡು ಹೇಗಿದೆ. ನೀನೇ ಓದು."

ರಾಯ್ಸ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಚೀಟಿ ಬಿಡಿಸಿದ. ಅವನು ಓದಿದ್ದು ರಸ್ತೆಯ ಈಚೆಗೂ ಕೇಳಿಸಿತು, ಯಾಕೆಂದರೆ ಅವನು ಬಹಳ ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿದ.

"ಕೇಳಬೇಕು ಅಂತ ಬಹಳ ದಿನದಿಂದ ಇತ್ತು. ಧೈರ್ಯ ಬರಲಿಲ್ಲ. ಶುಕ್ರವಾರ ನನ್ನ ಜೊತೆ ಬರ್ತೀಯಾ?"

"ಬರ್ತೀನಿ" ಅಂದಳು ಲೊರೇನಾ.

ರಾಯ್ಸ್ ತಲೆಯೆತ್ತಿ, "ಯಾರ ಜೊತೆ?" ಅಂದ.

"ಅದನ್ನ ನೀನು ಹೇಳ್ಬೇಕಪ್ಪ. ತಂದೋನು ನೀನು, ಓದಿದೋನು ನೀನು."

"ಕೆಳಗೆ ಬರೀ 'ಆರ್' ಅಂತಿದೆ."

"ಆರ್?"

"ಆರ್."

ಲೊರೇನಾ ಅವನ ಮುಖವನ್ನೇ ನೋಡಿದಳು. ಇಷ್ಟು ಹೊತ್ತು ಕಾದು ನಿಂತರೆ ನಮ್ಮೂರಿನ ರೈಲ್ವೆ ಗೇಟು ಕೂಡ ತೆರೆದುಕೊಳ್ಳುತ್ತದೆ. ರಾಯ್ಸ್ ಬಾಯಿ ತೆರೆದ, ಮುಚ್ಚಿದ. ಟೋಪಿ ಹಾಕಿಕೊಂಡ.

"ನಂದು ಬರೀ ಡೆಲಿವರಿ" ಅಂದು, ಮೆಟ್ಟಿಲು ಇಳಿದು ಹೋಗಿಬಿಟ್ಟ.

ನಾನು ನೋಡಿಕೊಂಡಾಗ, ಅಂಚೆಪೆಟ್ಟಿಗೆಯ ಬದಲು ನನ್ನ ಎಡಗೈಗೆ ಬಣ್ಣ ಬಳಿದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಹೇಗೆ ಹರಡಿತು ಎಂದು ಕೇಳಬೇಡಿ. ನಾನು ನಾಲ್ಕು ಜನಕ್ಕೆ ಮಾತ್ರ ಹೇಳಿದ್ದು. ಅರವತ್ತೊಂದು ವರ್ಷದ ವಿಧವೆಗೆ ಹೋಮ್‌ಕಮಿಂಗ್ ಸೇವಂತಿಗೆ! ಲೊರೇನಾ ಅದನ್ನು ಎದೆಗೆ ಚುಚ್ಚಿಕೊಂಡು ಅಂಗಡಿಗೆ ಬಂದಳು, ಗ್ರಂಥಾಲಯಕ್ಕೆ ಬಂದಳು, ದಂತವೈದ್ಯರ ಹತ್ತಿರವೂ ಹೋದಳು. ದಂತವೈದ್ಯರು ಗೆಜ್ಜೆಯ ಸದ್ದಿನಲ್ಲಿ ತಮ್ಮ ಯಂತ್ರದ ಸದ್ದೇ ಕೇಳುವುದಿಲ್ಲ ಎಂದು ಗೊಣಗಿದರಂತೆ. ಊರಿನಲ್ಲಿ 'ಆರ್' ಅಕ್ಷರದ ಗಂಡಸರ ಪಟ್ಟಿ ತಯಾರಾಯಿತು. ಹೆಣ ಸಾಗಿಸುವ ರೆಜಿ ಟಿಡ್‌ವೆಲ್, ಹೆಂಡತಿ ಸತ್ತವನು, ಆದರೆ ಅವನು ಹೂವು ಕಳಿಸಿದರೆ ಯಾರಾದರೂ ಹೆದರಿಕೊಳ್ಳುತ್ತಾರೆ. ಪೊಲೀಸ್ ಮುಖ್ಯಸ್ಥ ರೋಮನ್ ಹ್ಲಾವಾಟಿ, ಹೆಂಡತಿ ಇದ್ದವನು, ಮತ್ತು ಆ ಹೆಂಡತಿ ಆ ಮಧ್ಯಾಹ್ನ ಅವನಿಗೆ ಊಟ ಹಾಕಲಿಲ್ಲ. ಟ್ರ್ಯಾಕ್ಟರು ಮಾರುವ ರೂಡಿ ಕೊಚುರೆಕ್, ಎರಡು ಸಲ ಮದುವೆಯಾಗಿ ಎರಡು ಸಲ ಬಿಡುಗಡೆಯಾದವನು. ರಾಯ್ಸ್ ಕೂಡ ಆರ್ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ರಾಯ್ಸ್‌ನ ತಲೆಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ನಾನು ರೂಡಿಯ ಅಂಗಡಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಬೆಲ್ಟು ಕೊಳ್ಳುತ್ತಿದ್ದಾಗ ರಾಯ್ಸ್ ಒಳಗೆ ಬಂದ. ಕಣ್ಣು ಕೆಂಪಗಿತ್ತು.

"ರೂಡಿ, ಒಂದು ಮಾತು. ನೇರವಾಗಿ ಹೇಳು. ಲೊರೇನಾಗೆ ಹೂವು ಕಳಿಸಿದ್ದು ನೀನಾ?"

ರೂಡಿ ಆ ದಿನ ಬೆಳಿಗ್ಗೆಯಷ್ಟೇ ಪಕ್ಕದ ಪಟ್ಟಣದ ಟ್ರ್ಯಾಕ್ಟರು ಮೇಳದಿಂದ ವಾಪಸು ಬಂದಿದ್ದ. ಅವನಿಗೆ ಸುದ್ದಿಯೇ ಗೊತ್ತಿರಲಿಲ್ಲ.

"ಯಾವ ಹೂವು?"

"ಅದೇ, 'ಕೇಳಬೇಕು ಅಂತ ಬಹಳ ದಿನದಿಂದ ಇತ್ತು' ಅಂತ ಬರೆದು, ಕೆಳಗೆ ಆರ್ ಅಂತ ಹಾಕಿ..."

"ಹೌದಾ? ಅವಳೇನಂದ್ಳು?"

"ಬರ್ತೀನಿ ಅಂದ್ಳು."

ರೂಡಿಯ ಮುಖದಲ್ಲಿ ಸೂರ್ಯೋದಯವಾದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಮೀಸೆ ಸವರಿಕೊಂಡು, ಹಲ್ಲುಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ವರ್ಗಾಯಿಸಿ, "ನೋಡು ರಾಯ್ಸ್, ಇಂಥದ್ದನ್ನೆಲ್ಲ ಹೌದು ಅಲ್ಲ ಅಂತ ಬಾಯಿಬಿಟ್ಟು ಹೇಳೋದು ಗಂಡಸಿಗೆ ಲಕ್ಷಣ ಅಲ್ಲ" ಅಂದ.

ರಾಯ್ಸ್ ತಲೆಯಾಡಿಸಿದ. "ಒಳ್ಳೇದಾಗ್ಲಿ. ಅವಳಿಗೆ ಏಪ್ರಿಕಾಟ್ ಇಷ್ಟ, ಗಸಗಸೆ ಆಗಲ್ಲ. ಎಡಗಿವಿ ಸ್ವಲ್ಪ ಮಂದ, ಬಲಗಡೆ ಕೂತ್ಕೋ" ಅಂದ. ಇಷ್ಟು ಹೇಳಿ ಹೊರಗೆ ಹೋಗಿ ಬೇರೆ ಯಾರದೋ ಗಾಡಿಯ ಬಾಗಿಲು ತೆರೆಯಲು ಹೆಣಗತೊಡಗಿದ.

ಸಂಜೆಯೊಳಗೆ ರೂಡಿ ಲೊರೇನಾಳ ವರಾಂಡದಲ್ಲಿ, ಅವಳ ಬಲಗಡೆಯೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

ಅದೇ ಬುಧವಾರ ಮಧ್ಯಾಹ್ನ ಹೂವಿನಂಗಡಿಯಲ್ಲಿ ಸಿಡಿಲು ಬಡಿಯಿತು. ಅಡೆಲ್ ಅಂಗಡಿಯಲ್ಲಿ ಕಾಫಿ ಪುಕ್ಕಟೆ, ಆದ್ದರಿಂದ ನಾನು ಅಲ್ಲಿದ್ದೆ. ಟ್ವೈಲಾ ಬರ್ಡ್‌ಸಾಂಗ್ ಒಳಗೆ ಬಂದಳು. ಶಾಲಾ ಮಂಡಳಿಯ ಅಧ್ಯಕ್ಷೆ. ಅವಳು ನಡೆದರೆ ಹೂವುಗಳು ಸ್ವಲ್ಪ ಹಿಂದಕ್ಕೆ ಸರಿಯುತ್ತವೆ.

"ಅಡೆಲ್, ನನ್ನ ಮಗ ರೈಲಿ ನಿನ್ನೆಯಿಂದ ಊಟ ಬಿಟ್ಟಿದ್ದಾನೆ. ಆ ಸಾಲಿನಾಸ್ ಮನೆ ಹುಡುಗಿಗೆ ಸೇವಂತಿಗೆ ಕಳಿಸಿದ್ದು ಮಂಗಳವಾರ. ಅವಳು ಒಂದು ಮಾತು ಹೇಳಿಲ್ಲ, ಹಾಕ್ಕೊಂಡೂ ಬಂದಿಲ್ಲ. ನನ್ನ ಮಗನನ್ನ ಬೇಡ ಅನ್ನೋಷ್ಟು ದೊಡ್ಡವಳಾದ್ಳಾ?"

ಅಡೆಲ್ ರಸೀತಿ ಪುಸ್ತಕ ತೆರೆದಳು. "ಲೊರೇನಾ ಸಾಲಿನಾಸ್. ಇನ್ನೂರ ಹದಿನಾಲ್ಕು, ದಕ್ಷಿಣ ಎಲ್ಮ್ ಬೀದಿ. ಕಹಳೆ ಬೊಂಬೆ ಇರ್ಬೇಕು, ಹುಡುಗಿ ಬ್ಯಾಂಡಿನಲ್ಲಿ ಕಹಳೆ ಊದ್ತಾಳೆ. ಎಲ್ಲಾ ಸರಿಯಾಗೇ..."

ಅಷ್ಟಕ್ಕೇ ನಿಂತಳು. ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಹಿಂದಿನ ಕೋಣೆಯ ಬಾಗಿಲಲ್ಲಿ ರಾಯ್ಸ್ ಬಕೆಟ್ಟು ಹಿಡಿದು ನಿಂತಿದ್ದ. ಬಕೆಟ್ಟಿನ ನೀರು ಅವನ ಬೂಟಿನೊಳಕ್ಕೆ ಸುರಿಯುತ್ತಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ.

ಟ್ವೈಲಾಳಿಗೆ ಏನೋ ಸಮಾಧಾನ ಹೇಳಿ ಕಳಿಸಿದ ಮೇಲೆ ಅಡೆಲ್ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ರಾಯ್ಸ್! ದಕ್ಷಿಣ ಅಂದ್ರೆ ಯಾವ ಕಡೆ?"

"ಅಕ್ಕಾ..."

"ಈಗಲೇ ಹೋಗು. ಅದನ್ನ ವಾಪಸ್ ತಗೊಂಡು ಬಾ."

"ಅಕ್ಕಾ, ಅವಳು ಹಾಕ್ಕೊಂಡಿದ್ದಾಳೆ."

"ಬಿಚ್ಚಿಸ್ಕೊಂಡು ಬಾ!"

"ನೀನು ಅವಳ ಮುಖ ನೋಡಿಲ್ಲ ಅಕ್ಕಾ."

"ನೀನು ನೋಡಿ ನೋಡೀನೇ ಈ ಗತಿ ಬಂದಿರೋದು! ಹೋಗೋ!"

ಅವನು ಹೋದ. ನಾನೂ ನನ್ನ ಮನೆಗೆ ಹೋಗಬೇಕಿತ್ತಲ್ಲ, ವ್ಯಾನಿನಲ್ಲೇ ಹೋದೆ. ಲೊರೇನಾಳ ವರಾಂಡದಲ್ಲಿ ಆಗ ಅಕ್ಕಪಕ್ಕದ ನಾಲ್ಕು ಹೆಂಗಸರಿದ್ದರು. ಒಬ್ಬಳು ರಿಬ್ಬನ್ನು ಮುಟ್ಟಿ ನೋಡುತ್ತಿದ್ದಳು, ಒಬ್ಬಳು ಫೋಟೋ ತೆಗೆಯುತ್ತಿದ್ದಳು. ರಾಯ್ಸ್ ಮೆಟ್ಟಿಲ ಬಳಿ ನಿಂತು ಟೋಪಿ ತೆಗೆದ.

"ಲೊರೇನಾ, ಆ ಹೂವಿನ ವಿಷಯ..."

"ಏನು ರಾಯ್ಸ್?" ಅವಳು ಎದ್ದುನಿಂತಳು. ಗೆಜ್ಜೆಯೆಲ್ಲ ಒಟ್ಟಿಗೆ ಸದ್ದು ಮಾಡಿತು. "ಹೇಳು. ನಾನೂ ನೀನು ಬರ್ತೀಯ ಅಂತ್ಲೇ ಕಾಯ್ತಿದ್ದೆ."

"ಹೂವು... ಬಿಸಿಲಿಗೆ ಇಡಬೇಡ. ಬಣ್ಣ ಹೋಗುತ್ತೆ."

"ಇಷ್ಟು ಹೇಳೋಕೆ ಬಂದ್ಯಾ?"

"ಹೂಂ."

ಲೊರೇನಾ ಒಳಗೆ ಹೋಗಿ ಒಂದು ತಟ್ಟೆ ಏಪ್ರಿಕಾಟ್ ಕೊಲಾಚೆ ತಂದು ಅವನ ಕೈಯಲ್ಲಿಟ್ಟಳು. ಅವನು ವ್ಯಾನಿನಲ್ಲಿ ಕೂತು ಎರಡು ತಿಂದ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ.

ಗುರುವಾರ ಬೆಳಿಗ್ಗೆ ಅವನು ಅಕ್ಕನ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ, ಇಲ್ಲ ಅಂದ. "ಅದನ್ನ ನಾನು ವಾಪಸ್ ಕೇಳಲ್ಲ. ಆ ಹುಡುಗಿಗೆ ಇನ್ನೊಂದು ನಾನೇ ಮಾಡ್ತೀನಿ."

"ನೀನಾ? ಶೂ ಲೇಸು ಕಟ್ಟೋಕೆ ಬರದೋನು?"

"ಹೇಳಿಕೊಡು."

"ನನಗೆ ಮೂವತ್ತು ಆರ್ಡರ್ ಬಾಕಿ ಇದೆ. ಉಳಿದ ಸಾಮಾನು ಅಲ್ಲಿದೆ. ಮಾಡ್ಕೋ."

ಉಳಿದ ಸಾಮಾನೆಂದರೆ ದಳ ಕಿತ್ತುಹೋದ ಒಂದು ಹೂವು, ಬೇರೆ ಬೇರೆ ಬಣ್ಣದ ತುಂಡು ರಿಬ್ಬನ್ನು, ಒಂದು ಹಿಡಿ ಗೆಜ್ಜೆ. ಕರಡಿ ಇರಲಿಲ್ಲ, ಈಸ್ಟರಿನ ಮೊಲವೊಂದಿತ್ತು. ರಾಯ್ಸ್ ಮೇಜಿನ ಮುಂದೆ ಕೂತ. ಮಧ್ಯಾಹ್ನ ಎರಡು ಗಂಟೆಯವರೆಗೆ ಏಳಲಿಲ್ಲ. ಬಿಸಿ ಅಂಟು ಹಾಕುವ ಗ್ಲೂ ಗನ್ನಿನಿಂದ ಹೆಬ್ಬೆರಳನ್ನು ಮೂರು ಸಲ ಸುಟ್ಟುಕೊಂಡ. ಒಂದು ಸಲ ತನ್ನ ತೋಳನ್ನೇ ಹೂವಿಗೆ ಅಂಟಿಸಿಕೊಂಡ, ನಾನು ಬಿಡಿಸಿದೆ. ಗೆಜ್ಜೆಗಳನ್ನು ಒಂದೊಂದಾಗಿ ಹೊಲಿಗೆ ದಾರದಿಂದ ಕಟ್ಟಿದ. ಹೆಸರಿನ ಅಕ್ಷರಗಳನ್ನು ರಿಬ್ಬನ್ನಿನ ಮೇಲೆ ಅಂಟಿಸುವಾಗ ಮಾತ್ರ ಅವನ ಕೈ ತಪ್ಪಲಿಲ್ಲ. ಲೊರೇನಾ ಎಂದು ಅಷ್ಟು ನೆಟ್ಟಗೆ ಬರೆದದ್ದನ್ನು ನಾನು ಅಂಚೆಯಲ್ಲಿ ಕೂಡ ಕಂಡಿರಲಿಲ್ಲ. ಉಳಿದದ್ದೆಲ್ಲ ಸೊಟ್ಟ. ಹೂವು ಬಲಕ್ಕೆ ವಾಲಿತ್ತು, ಮೊಲ ಎಡಕ್ಕೆ ನೋಡುತ್ತಿತ್ತು.

"ಅಪಘಾತ ಆದ ಹಾಗಿದೆ" ಅಂದಳು ಅಡೆಲ್. ಆದರೂ ಅದನ್ನು ಡಬ್ಬದಲ್ಲಿಡುವಾಗ ಅದರ ಕೆಳಗೆ ಮೆತ್ತನೆಯ ಕಾಗದ ಹಾಸಿದಳು.

ರಾಯ್ಸ್ ಅದನ್ನು ದಕ್ಷಿಣ ಎಲ್ಮ್ ಬೀದಿಗೆ, ಈ ಸಲ ನಕ್ಷೆ ನೋಡಿಕೊಂಡು, ಮುಟ್ಟಿಸಿದ. ಆ ಹುಡುಗಿಯ ಅಜ್ಜಿ ಡಬ್ಬ ತೆರೆದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳಂತೆ.

ಆ ಸಂಜೆ ಐದು ಗಂಟೆಗೆ ದಿನಸಿ ಅಂಗಡಿಯಲ್ಲಿ ಎಲ್ಲವೂ ಬಯಲಾಯಿತು. ನಾನು ಮೊಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಲೊರೇನಾ, ಎದೆಯ ಮೇಲೆ ಸೇವಂತಿಗೆ. ಅವಳ ಪಕ್ಕದಲ್ಲಿ ಅವಳ ಬುಟ್ಟಿ ಹೊತ್ತ ರೂಡಿ. ನನ್ನ ಹಿಂದೆ ಹಾಲಿನ ಕ್ಯಾನು ಹಿಡಿದ ಪೊಲೀಸ್ ಮುಖ್ಯಸ್ಥ ರೋಮನ್. ಅಂಗಡಿಯ ಮುಂಬಾಗಿಲ ಬಳಿ ಹೂವಿನ ಕುಂಡಗಳನ್ನು ಇಳಿಸುತ್ತಿದ್ದ ರಾಯ್ಸ್. ಆಗ ಟ್ವೈಲಾ ಬಂದಳು.

"ಅದು! ಅದೇ! ಆ ಕಹಳೆ ನಾನೇ ಆರಿಸಿದ್ದು! ಲೊರೇನಾ ಅವರೇ, ನೀವು ಹಾಕ್ಕೊಂಡಿರೋದು ನನ್ನ ಮಗನ ಹೂವು! ಆ ಹುಡುಗಿಗೆ ಹೋಗಿರೋದು ಏನು ಗೊತ್ತಾ? ಸೊಟ್ಟ ಮೊಲ!"

ಲೊರೇನಾಳ ಕಿವಿ ಕೆಂಪಾಯಿತು.

"ತಡೀರಿ ಟ್ವೈಲಾ ಮೇಡಂ" ಅಂದ ರೂಡಿ, ಎದೆಯುಬ್ಬಿಸಿ. "ಅದು ಇವರಿಗೆ ಬಂದ ಹೂವು. ಕಳಿಸಿದವರು ಯಾರು ಅಂತ ನಾನು ಹೇಳೋದು ಸರಿಯಲ್ಲ."

"ನೀನಾ ಕಳಿಸಿದ್ದು? ಹಾಗಾದ್ರೆ ಅದರಲ್ಲಿ ಕಹಳೆ ಯಾಕಿದೆ?"

ರೂಡಿ ಹೂವನ್ನು ಬಗ್ಗಿ ನೋಡಿದ. ಅದರಲ್ಲಿ ಕಹಳೆ ಇದೆಯೆಂಬುದೇ ಅವನಿಗೆ ಆಗ ಗೊತ್ತಾದದ್ದು. "ಇವರಿಗೆ... ಸಂಗೀತ ಅಂದ್ರೆ ಪ್ರಾಣ."

"ಮುಖ್ಯಸ್ಥರೇ!" ಟ್ವೈಲಾ ಕೂಗಿದಳು. "ಇದಕ್ಕೆ ಕಾನೂನು ಇಲ್ವಾ?"

ರೋಮನ್ ಹಾಲಿನ ಕ್ಯಾನನ್ನು ಕೆಳಗಿಟ್ಟು, ಸೇವಂತಿಗೆಗೆ ಸಂಬಂಧಿಸಿದ ಕಾನೂನನ್ನು ಚಾವಣಿಯಲ್ಲಿ ಹುಡುಕತೊಡಗಿದ. ಜನ ಸುತ್ತ ಸೇರಿದರು. ಯಾರೋ ಕಿಸಕ್ಕನೆ ನಕ್ಕರು. ಲೊರೇನಾ ತಲೆ ತಗ್ಗಿಸಿದಳು.

ಆಗ ಒಂದು ಹೂವಿನ ಕುಂಡ ನೆಲಕ್ಕೆ ಬಿದ್ದು ಒಡೆಯಿತು. ರಾಯ್ಸ್ ಮುಂದೆ ಬಂದ.

"ಕಳಿಸಿದ್ದು ನಾನು" ಅಂದ. "ಆರ್ ಅಂದ್ರೆ ರಾಯ್ಸ್."

ಅಂಗಡಿಗೆ ಅಂಗಡಿಯೇ ನಕ್ಕಿತು. ರೋಮನ್ ಕಣ್ಣೊರೆಸಿಕೊಂಡ. ಹಣ ತೆಗೆದುಕೊಳ್ಳುವ ಹುಡುಗಿ ಮೇಜಿನ ಕೆಳಗೆ ಬಗ್ಗಿದಳು. "ರಾಯ್ಸ್! ನೀನಾ!" ಅಂತ ರೂಡಿ ತೊಡೆ ತಟ್ಟಿಕೊಂಡ. "ನಿನ್ನೆ ನನ್ನ ಅಂಗಡಿಗೆ ಬಂದು, ನೀನು ಕಳಿಸಿದ್ಯಾ ಅಂತ ನನ್ನನ್ನೇ ಕೇಳಿದ್ಯಲ್ಲೋ!"

ಇದು ಬಾಯಿಂದ ಹೊರಬಿದ್ದ ಮೇಲೆ, ತಾನು ಏನು ಹೇಳಿಬಿಟ್ಟೆ ಎಂಬುದು ರೂಡಿಗೆ ಹೊಳೆಯಿತು. ಮೆಲ್ಲಗೆ ಬುಟ್ಟಿಯನ್ನು ಕೆಳಗಿಟ್ಟ.

ಲೊರೇನಾ ನಗಲಿಲ್ಲ. "ರಾಯ್ಸ್, ನನ್ನ ಕಡೆ ನೋಡು. ಇದನ್ನ ಕಳಿಸಿದ್ದು ನೀನಾ?"

ರಾಯ್ಸ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಕಳಿಸಿದ್ದು ಆ ಹುಡುಗ. ತಪ್ಪು ಮನೆಗೆ ತಂದಿದ್ದು ನಾನು. ಓದಿದ್ದೂ ನಾನು. ಆದ್ರೆ ಓದೋವಾಗ ಸುಳ್ಳು ಓದಿಲ್ಲ, ಲೊರೇನಾ."

ಈಗ ಯಾರೂ ನಗಲಿಲ್ಲ. ನನ್ನ ಕೈಯ ಮೊಟ್ಟೆಗಳಲ್ಲಿ ಒಂದು ಯಾವಾಗಲೋ ಒಡೆದಿತ್ತು.

ಲೊರೇನಾ ಸೇವಂತಿಗೆಯ ಪಿನ್ನು ಬಿಚ್ಚಿದಳು. "ಟ್ವೈಲಾ, ನನಗೆ ಮಂಗಳವಾರ ಸಂಜೆಯೇ ಗೊತ್ತಾಯ್ತು. ರಿಬ್ಬನ್ ಮೇಲೆ ಈ ವರ್ಷದ ಬ್ಯಾಚು ಅಂತ ಬರೆದಿದೆ, ನನಗೆ ಓದೋಕೆ ಬರುತ್ತೆ. ಹೂವು ತಂದೋನು ಬಂದು ವಾಪಸ್ ಕೇಳ್ತಾನೆ, ಆಗಲಾದ್ರೂ ನಾಲ್ಕು ಮಾತಾಡ್ತಾನೆ ಅಂತ ಕಾದೆ. ಬಂದ. ಬಿಸಿಲಿಗೆ ಇಡಬೇಡ ಅಂದ. ಕೊಲಾಚೆ ತಿಂದು ಹೋದ." ಹೂವನ್ನು ಕಾಗದದ ಚೀಲದಲ್ಲಿ ಮಡಿಸಿಟ್ಟಳು. "ಎಳೆ ಹುಡುಗಿಯ ಹೂವನ್ನ ಎರಡು ದಿನ ಇಟ್ಕೊಂಡೆ. ಅದು ನನ್ನ ತಪ್ಪು. ನಾನೇ ಹೋಗಿ ಕೊಟ್ಟು ಕ್ಷಮೆ ಕೇಳ್ತೀನಿ."

ಹಾಗಂದು ದಿನಸಿಯನ್ನೂ ತೆಗೆದುಕೊಳ್ಳದೆ, ರಾಯ್ಸ್‌ನ ಪಕ್ಕದಿಂದ ಹಾದು, ಹೊರಟುಹೋದಳು. ರಾಯ್ಸ್ ಒಡೆದ ಕುಂಡದ ಮಣ್ಣನ್ನು ಕೈಯಿಂದಲೇ ಬಳಿಯಲು ಕೂತ. ಅಂಗಡಿಯವರು ಪೊರಕೆ ತಂದುಕೊಟ್ಟರು. ಅವನು ಪೊರಕೆಯನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಬಳಿದ.

ಶುಕ್ರವಾರ ಎರಡು ಗಂಟೆಗೆ ಮೆರವಣಿಗೆ. ಮೊದಲು ರೋಮನ್‌ನ ಪೊಲೀಸ್ ಗಾಡಿ. ಅದರ ಹಿಂದೆ ರೂಡಿಯ ಟ್ರ್ಯಾಕ್ಟರು, ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರಿನಲ್ಲಿ ಹುಲ್ಲಿನ ಕಂತೆಗಳ ಮೇಲೆ ಎಪ್ಪತ್ತೊಂಬತ್ತರ ಬ್ಯಾಚಿನವರು. ಅದರ ಹಿಂದೆ ಹೂವಿನಂಗಡಿಯ ವ್ಯಾನು, ಆಮೇಲೆ ಶಾಲೆಯ ಬ್ಯಾಂಡು. ರಾಯ್ಸ್ ಕೂಡ ಅದೇ ಬ್ಯಾಚಿನವನು, ಆದರೆ ಪ್ರತಿವರ್ಷವೂ ವ್ಯಾನು ಓಡಿಸುವುದು ಅವನ ಪಾಲಿಗೆ. ನಾನು ಅವನ ಪಕ್ಕದಲ್ಲಿ ಕೂತು ಮಕ್ಕಳಿಗೆ ಮಿಠಾಯಿ ಎಸೆಯುವವನು.

"ನನ್ನಿಂದ ಆಗಲ್ಲ, ಸೂಲಾಕ್" ಅಂದ ರಾಯ್ಸ್ ನನ್ನ ಕಡೆ ತಿರುಗಿ. "ಮೆರವಣಿಗೆ ಮುಗಿಯೋವರೆಗೂ ಅವಳ ಬೆನ್ನು ನೋಡ್ಕೊಂಡು ಹೋಗ್ಬೇಕು."

"ಇಷ್ಟು ವರ್ಷ ಇನ್ನೇನು ನೋಡಿದ್ದೀಯ?" ಅಂದೆ. ಆಮೇಲೆ ಅನ್ನಬಾರದಿತ್ತು ಅನ್ನಿಸಿತು.

ಲೊರೇನಾ ಟ್ರೇಲರು ಹತ್ತಿದಳು. ಹುಲ್ಲಿನ ಕಂತೆಗಳ ತೀರ ಹಿಂದಿನ ಅಂಚಿಗೆ ಬಂದು, ನಮ್ಮ ಕಡೆಗೆ ಮುಖ ಮಾಡಿ ಕೂತಳು. ಅವಳ ಎದೆಯ ಮೇಲೆ ಬಲಕ್ಕೆ ವಾಲಿದ ಒಂದು ಹೂವು, ಎಡಕ್ಕೆ ನೋಡುವ ಒಂದು ಮೊಲ.

ರಾಯ್ಸ್ ಬ್ರೇಕು ಬಿಡುವುದನ್ನು ಮರೆತ. ಹಿಂದಿನಿಂದ ಬ್ಯಾಂಡಿನವರು ನಗಾರಿ ಬಾರಿಸಿ ಎಚ್ಚರಿಸಿದರು.

"ಅದು ನಾನು ಮಾಡಿದ್ದು" ಅಂದ, ಯಾರಿಗೋ ಹೇಳುವವನ ಹಾಗೆ. "ಆ ಹುಡುಗಿ ಹತ್ರ ಬದಲಾಯಿಸ್ಕೊಂಡು ಬಂದಿದ್ದಾಳೆ."

ಬ್ಯಾಂಕಿನ ಮುಂದೆ ಮೊದಲ ಗೆಜ್ಜೆ ಉದುರಿತು. ಟಾರು ರಸ್ತೆಯ ಮೇಲೆ ಕುಣಿಯುತ್ತ ನಮ್ಮ ಚಕ್ರದ ಮುಂದೆ ಬಂದು ನಿಂತಿತು. ರಾಯ್ಸ್ ವ್ಯಾನು ನಿಲ್ಲಿಸಿ, ಇಳಿದು, ಎತ್ತಿ ಜೇಬಿಗೆ ಹಾಕಿಕೊಂಡ. ಹಿಂದೆ ಕಹಳೆಯವರು ನಗಾರಿಯವರಿಗೆ ಡಿಕ್ಕಿ ಹೊಡೆದರು. ಔಷಧದಂಗಡಿಯ ಮುಂದೆ ಎರಡನೆಯದು. ಮತ್ತೆ ಇಳಿದ. ಅಂಚೆ ಕಚೇರಿಯ ಮುಂದೆ ಎರಡು ಒಟ್ಟಿಗೆ, ಅಲ್ಲಿಂದ ಮುಂದೆ ಇನ್ನೂ ಮೂರು. ರಸ್ತೆಬದಿಯಲ್ಲಿ ನಿಂತಿದ್ದ ಅಡೆಲ್, "ಹೊಲಿಗೆ ದಾರದಲ್ಲಿ ಕಟ್ಟಿದ್ರೆ ಇನ್ನೇನಾಗುತ್ತೆ!" ಎಂದು ಕೂಗಿದಳು. ರೋಮನ್ ಧ್ವನಿವರ್ಧಕದಲ್ಲಿ, "ಹೂವಿನ ವ್ಯಾನು ಮುಂದೆ ಹೋಗ್ಲಿ! ಹೂವಿನ ವ್ಯಾನು!" ಅಂದ. ಟ್ರ್ಯಾಕ್ಟರು ಮುಂದೆ ಮುಂದೆ ಹೋಯಿತು, ಮೆರವಣಿಗೆ ಎರಡು ತುಂಡಾಯಿತು. ಬ್ಯಾಂಡಿನ ಮೇಷ್ಟರು ಒಂದೇ ಹಾಡನ್ನು ನಿಂತಲ್ಲೇ ನಾಲ್ಕನೇ ಸಲ ಶುರು ಮಾಡಿದರು. ಬ್ಯಾಂಡಿನ ಸಾಲಿನಲ್ಲಿ ಕಹಳೆ ಹಿಡಿದ ಒಬ್ಬ ಹುಡುಗಿಯ ಎದೆಯ ಮೇಲೆ ದೊಡ್ಡ ಸೇವಂತಿಗೆ ನೆಟ್ಟಗೆ ಕೂತಿತ್ತು. ಅವಳು ಊದುವುದನ್ನು ಬಿಟ್ಟು ನಗುತ್ತಿದ್ದಳು.

ನ್ಯಾಯಾಲಯದ ಕಟ್ಟಡದ ಬಳಿ ಟ್ರೇಲರು ನಿಂತಿತ್ತು. ಲೊರೇನಾ ಇಳಿದು ರಸ್ತೆಯ ನಡುವೆ ನಿಂತಿದ್ದಳು. ರಾಯ್ಸ್ ವ್ಯಾನಿನಿಂದಿಳಿದು, ಬೆವರುತ್ತ, ಅವಳ ಮುಂದೆ ಹೋಗಿ ಅಂಗೈ ಚಾಚಿದ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ.

"ಎಷ್ಟು ಸಿಕ್ತು?" ಅಂದಳು.

"ಏಳು. ದಾರ ಗಟ್ಟಿ ಇರಲಿಲ್ಲ. ನನ್ನ ತಪ್ಪು."

"ದಾರ ಗಟ್ಟಿಯಾಗೇ ಇತ್ತು, ರಾಯ್ಸ್. ಹಲ್ಲಿನಿಂದ ಕಚ್ಚಿ ಕಿತ್ತೆ ನಾನು. ನೀನು ಗಾಡಿ ಇಳೀತೀಯೋ ಇಲ್ವೋ ನೋಡೋಣ ಅಂತ."

ರಾಯ್ಸ್ ಅವಳನ್ನೇ ನೋಡಿದ. ಹಿಂದೆ ಇಡೀ ಮೆರವಣಿಗೆ ನಿಂತಿತ್ತು. ರೋಮನ್‌ನ ಧ್ವನಿವರ್ಧಕವೂ ಬಾಯಿ ಮುಚ್ಚಿಕೊಂಡಿತ್ತು.

"ಎಂಟು ಕಿತ್ತಿದ್ದೆ" ಅಂದಳು ಲೊರೇನಾ. "ಇನ್ನೊಂದು ಎಲ್ಲಿ?"

"ಎಂಟಾ? ನಾನು ಎಲ್ಲಾ ಕಡೆ ನೋಡಿದ್ನಲ್ಲ."

"ಸರಿಯಾಗಿ ನೋಡಿಲ್ಲ. ಬಾ, ಇಬ್ರೂ ಹುಡುಕೋಣ."

ಅವರು ಬಂದ ದಾರಿಯಲ್ಲೇ ವಾಪಸು ನಡೆದರು. ಬ್ಯಾಂಡಿನವರು ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ರಾಯ್ಸ್ ಅವಳ ಬಲಗಡೆ, ಬಗ್ಗಿ ಬಗ್ಗಿ ನೆಲವನ್ನೇ ನೋಡುತ್ತ, ಒಂದೊಂದು ಬಿರುಕನ್ನೂ ಬಿಡದೆ ಹುಡುಕುತ್ತ ಹೋದ. ಲೊರೇನಾ ನೆಲ ನೋಡುತ್ತಿರಲಿಲ್ಲ. ಅವರು ವ್ಯಾನಿನ ಪಕ್ಕ ಹಾದುಹೋದಾಗ ಅವಳ ಎಡಗೈ ನನ್ನ ಕಿಟಕಿಯ ಕಡೆಗಿತ್ತು. ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಹೆಜ್ಜೆ ಹೆಜ್ಜೆಗೂ ಒಳಗಿನಿಂದ ಸಣ್ಣಗೆ ಸದ್ದಾಗುತ್ತಿತ್ತು.